ಸಾಕುಗಿಳಿಗಳ ಆಹಾರವೂ ಜೀವಸತ್ವಗಳೂ

ಹಳ್ಳಿಯ ಅನುಕೂಲವಂತರ ಮನೆಗಳ ಜಗಲಿಯಲ್ಲಿ ಗಿಳಿಯ ಪಂಜರವೊಂದು ತೂಗುತ್ತಿರುವುದು ಅಪರೂಪವಲ್ಲ. ಬೆಳಿಗ್ಗೆ ಒಂದು ಹಿಡಿ ಸೂರ್ಯಕಾಂತಿ ಬೀಜ, ಮಧ್ಯಾಹ್ನ ಊಟದಲ್ಲಿ ಮಿಕ್ಕ ಅನ್ನ, ಸಂಜೆಗೊಂದು ಹಸಿಮೆಣಸಿನಕಾಯಿ. ಪಂಜರದ ಪಕ್ಷಿಗೆ ದೊರೆಯುವ ಆಹಾರವು ಸಾಮಾನ್ಯವಾಗಿ ಇಷ್ಟೇ. ಪಕ್ಷಿಯು ಇದನ್ನು ಆಸೆಯಿಂದಲೇ ತಿನ್ನುವುದು, ಮೈತುಂಬಿಕೊಂಡಂತೆಯೂ ಕಾಣುವುದು. ಕೆಲವು ವರ್ಷಗಳ ತರುವಾಯ ಮೂಗಿನ ಹೊಳ್ಳೆ ಕಟ್ಟಿ, ಕಣ್ಣಿನ ಸುತ್ತ ಊತ ಬಂದು, ಗರಿಗಳು ಕಳೆಗುಂದಿ, ಒಂದು ದಿನ ಅದು ಪಂಜರದ ತಳದಲ್ಲಿ ಬಿದ್ದಿರುವುದನ್ನು ಕಂಡು ಮನೆಯವರು ದೃಷ್ಟಿ ತಾಕಿತೆಂದೋ ಶೀತವಾಯಿತೆಂದೋ ಹೇಳಿಕೊಳ್ಳುವರು. ಸರಿಯಾಗಿ ಪೋಷಿಸಲ್ಪಟ್ಟ ಕಾಕಟೀಲ್ ಹಕ್ಕಿಯು 15 ವರ್ಷಗಳಿಗೂ ಮೇಲ್ಪಟ್ಟು ಬದುಕಬಲ್ಲದು. ಆಫ್ರಿಕದ ಬೂದು ಗಿಳಿಯು 40 ವರ್ಷಗಳನ್ನೂ ಮೀರಬಲ್ಲದು. ಹೀಗಿರುವಲ್ಲಿ ಅಕಾಲಮರಣದ ಕಾರಣವನ್ನು ಮೊದಲು ಆಹಾರದ ಬಟ್ಟಲಿನಲ್ಲಿಯೇ ಹುಡುಕತಕ್ಕದ್ದು.

ಮುಂದುವರಿಯುವ ಮೊದಲು ಗ್ರಾಮಮುಖ್ಯರು ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳುವುದು ಅವಶ್ಯ. ಹೊಲಗಳಲ್ಲಿಯೂ ತೋಪುಗಳಲ್ಲಿಯೂ ಹಾರಾಡುವ ಕೊರಳಪಟ್ಟಿಯ ಹಸಿರು ಗಿಳಿಯನ್ನಾಗಲಿ, ಕೆಂದಲೆಯ ಗಿಳಿಯನ್ನಾಗಲಿ, ಮಲೆನಾಡಿನ ನೀಲಿರೆಕ್ಕೆಯ ಗಿಳಿಯನ್ನಾಗಲಿ ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವಾಗಿರುವುದು. ತಲೆತಲಾಂತರದಿಂದ ಸಾಕುತ್ತಿದ್ದೇವೆಂಬ ಮಾತು ಇಲ್ಲಿ ಸಲ್ಲದು. ಮರ ಕಡಿಯುವಾಗ ಪೊಟರೆಯಲ್ಲಿ ಮರಿ ದೊರೆತರೆ ಅದನ್ನು ಮನೆಗೆ ಒಯ್ಯದೆ ಅರಣ್ಯ ಇಲಾಖೆಯವರಿಗೆ ಒಪ್ಪಿಸುವುದೇ ವಿಹಿತ. ಆದಕಾರಣ ಕೆಳಗಣ ವಿವರವು ಹೊರದೇಶಗಳ ಮೂಲದವಾಗಿ, ಪಂಜರದಲ್ಲಿಯೇ ಸಂತಾನ ಬೆಳೆಸಲ್ಪಟ್ಟ ಗಿಳಿಜಾತಿಗಳಿಗೆ ಸಂಬಂಧಿಸಿದ್ದು. ಆಸ್ಟ್ರೇಲಿಯದ ಬಡ್ಜರಿಗಾರ್ ಮತ್ತು ಕಾಕಟೀಲ್, ಆಫ್ರಿಕದ ಲವ್ ಬರ್ಡ್ ಹಾಗೂ ಬೂದು ಗಿಳಿ ಇವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಬೂದು ಗಿಳಿಯಂತೆ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿರುವ ಜಾತಿಗಳನ್ನು 2024ರ ನಿಯಮಗಳಂತೆ ನೋಂದಾಯಿಸಬೇಕಾಗಿರುವುದು.

ಗಿಳಿಯ ಸ್ವಾಭಾವಿಕ ಆಹಾರವು ಕಾಳು ಎಂಬ ನಂಬಿಕೆಯು ರೈತರಲ್ಲಿ ಬಲವಾಗಿದೆ. ಇದಕ್ಕೆ ಕಾರಣವೂ ಇಲ್ಲದಿಲ್ಲ. ಹಾಲುಗಾಳಿನ ಮುಸುಕಿನ ಜೋಳದ ಮೇಲೆಯೂ ಸೂರ್ಯಕಾಂತಿಯ ತೆನೆಗಳ ಮೇಲೆಯೂ ಗಿಳಿಹಿಂಡು ಎರಗಿ ಮಾಡುವ ನಷ್ಟವನ್ನು ಕಣ್ಣಾರೆ ಕಂಡವರು ಬೇರೆ ಏನೆಂದಾರು? ಆದರೆ ಬೆಳೆಯು ಹೊಲದಲ್ಲಿರುವುದು ಕೆಲವೇ ವಾರಗಳು. ವರ್ಷದ ಉಳಿದ ಭಾಗದಲ್ಲಿ ಅದೇ ಹಿಂಡು ಆಲ ಅತ್ತಿಗಳ ಹಣ್ಣು, ಸೀಬೆ, ಮುತ್ತುಗ ಬೂರುಗಗಳ ಹೂ, ಚಿಗುರು, ಮೊಗ್ಗು ಇವುಗಳನ್ನು ಅರಸಿ ದಿನಕ್ಕೆ ಮೈಲಿಗಟ್ಟಲೆ ಹಾರುವುದು. ಪಂಜರದ ಪಕ್ಷಿಗೆ ಆ ವೈವಿಧ್ಯವೂ ಇಲ್ಲ, ಆ ಹಾರಾಟವೂ ಇಲ್ಲ. ಸೂರ್ಯಕಾಂತಿಯ ತಿರುಳಿನಲ್ಲಿ ತೂಕದ ಸುಮಾರು ಅರ್ಧದಷ್ಟು ಎಣ್ಣೆಯೇ ಇರುವುದು. ರಂಜಕವು ಹೆಚ್ಚು, ಸುಣ್ಣಾಂಶವು ಬಹಳ ಕಡಮೆ, ಎ ಜೀವಸತ್ವವು ಇಲ್ಲವೆಂದೇ ಹೇಳಬಹುದು. ಗೊಬ್ಬರ ಕಾಣದ ಹೊಲದಲ್ಲಿ ವರ್ಷವರ್ಷವೂ ಒಂದೇ ಬೆಳೆಯಿಟ್ಟರೆ ನೆಲ ಏನಾಗುವುದೋ, ಇದೊಂದನ್ನೇ ತಿಂದ ಪಕ್ಷಿಯ ಶರೀರವೂ ಹಾಗೆಯೇ ಆಗುವುದು.

ಹೊಟ್ಟೆ ತುಂಬಿದ್ದರೂ ಶರೀರವು ಹಸಿದಿರಬಹುದೆಂಬ ಸತ್ಯವು ಲೋಕಕ್ಕೆ ತಿಳಿದುಬಂದದ್ದೇ ಪಕ್ಷಿಗಳಿಂದ ಎಂಬುದು ಗಮನಾರ್ಹ. ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯನು 19ನೆಯ ಶತಮಾನದ ಕೊನೆಯಲ್ಲಿ, ನುಣುಪು ಮಾಡಿದ ಅಕ್ಕಿಯನ್ನು ಮಾತ್ರ ತಿಂದ ಕೋಳಿಗಳ ಕಾಲು ಸೋತು ಬೀಳುವುದನ್ನೂ, ತೌಡು ಕೊಟ್ಟೊಡನೆ ಅವು ಚೇತರಿಸಿಕೊಳ್ಳುವುದನ್ನೂ ಕಂಡನು. ಇದಕ್ಕಾಗಿ ಅವನಿಗೆ 1929ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ತೌಡಿನಲ್ಲಿದ್ದ ಇಂಥ ವಸ್ತುಗಳಿಗೆ 1912ರಲ್ಲಿ ಫಂಕ್ ಎಂಬ ವಿಜ್ಞಾನಿಯು ವಿಟಮಿನ್ ಎಂಬ ಅರ್ಥದ ಹೆಸರನ್ನಿತ್ತನು. ನೀಲಗಿರಿಯ ಕೂನೂರಿನಲ್ಲಿ ಮೆಕ್ಯಾರಿಸನ್ನನು ಪಾರಿವಾಳಗಳ ಮೇಲೆ ಇದೇ ಬಗೆಯ ಪ್ರಯೋಗಗಳನ್ನು ನಡೆಸಿದನು.

ಗಿಳಿಗಳಲ್ಲಿ ಅತಿ ಸಾಮಾನ್ಯವಾದದ್ದು ಎ ಜೀವಸತ್ವದ ಕೊರತೆ. ಬಾಯಿ, ಮೂಗು, ಶ್ವಾಸನಾಳ, ಮೂತ್ರಪಿಂಡ ಇವುಗಳ ಒಳಮೈಯನ್ನು ಹೊದಿಸಿರುವ ತೆಳುವಾದ ತೇವದ ಪೊರೆಯು ಆರೋಗ್ಯವಾಗಿರಲು ಈ ಸತ್ವವು ಬೇಕೇ ಬೇಕು. ಇದು ಕಡಮೆಯಾದಾಗ ಆ ಪೊರೆಯು ಒರಟಾಗಿ, ಗಡುಸಾಗಿ, ಲೋಳೆಯನ್ನು ಒಸರುವ ಶಕ್ತಿಯನ್ನು ಕಳೆದುಕೊಳ್ಳುವುದು. ಬೇಲಿ ಕಿತ್ತ ತೋಟಕ್ಕೆ ದನ ನುಗ್ಗುವಂತೆ ರೋಗಾಣುಗಳೂ ಬೂಷ್ಟೂ ಒಳನುಗ್ಗುವುವು. ಬಾಯಿಯ ಅಂಗುಳಿನ ಸೀಳಿನ ಅಂಚಿನಲ್ಲಿ ಸಣ್ಣ ಮುಳ್ಳುಗಳಂಥ ಮೊನೆಗಳು ಸ್ವಾಭಾವಿಕವಾಗಿ ಇರುತ್ತವೆ. ಕೊರತೆಯುಂಟಾದ ಪಕ್ಷಿಯಲ್ಲಿ ಇವು ಮೊಂಡಾಗಿ ಸವೆದುಹೋಗುವುವು. ನಾಲಗೆಯ ಕೆಳಗೂ ಅಂಗುಳಿನಲ್ಲಿಯೂ ಬಿಳಿಯ ಗಂಟುಗಳು ಏಳುವುವು. ಅಂಗಾಲಿನ ಚರ್ಮವು ನುಣುಪಾಗಿ ಸವೆದಿರುವುದು ಅಥವಾ ಹೊಟ್ಟೆದ್ದಿರುವುದು ಇನ್ನೊಂದು ಚಿಹ್ನೆ. ಮೂಗಿನಿಂದ ನೀರಿಳಿಯತೊಡಗುವ ಹೊತ್ತಿಗೆ ರೋಗವು ಬಲಿತಿರುವುದೆಂದು ತಿಳಿಯಬೇಕು.

ಇದಕ್ಕೆ ಮದ್ದು ಹಿತ್ತಿಲಿನಲ್ಲಿಯೇ ಇದೆ. ನುಗ್ಗೆಸೊಪ್ಪು, ಕೊತ್ತಂಬರಿ, ಕ್ಯಾರೆಟ್, ಒಳಗೆ ಕೆಂಬಣ್ಣವಿರುವ ಸಿಹಿಗುಂಬಳ, ಮಾಗಿದ ಪರಂಗಿ, ಮಾವು, ಕೆಂಪು ಮೆಣಸಿನಹಣ್ಣು ಇವುಗಳಲ್ಲಿರುವ ಕ್ಯಾರೊಟೀನ್ ಎಂಬ ವರ್ಣವಸ್ತುವನ್ನು ಪಕ್ಷಿಯ ಶರೀರವು ತನಗೆ ಬೇಕಾದಷ್ಟು ಮಾತ್ರ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವುದು. ಆದ್ದರಿಂದ ಇದರಲ್ಲಿ ಅತಿಯಾಗುವ ಭಯವು ಇಲ್ಲ. ಬಿಳಿ ತಿರುಳಿನ ಗೆಣಸಿನಲ್ಲಾಗಲಿ ಸೌತೆಕಾಯಿಯಲ್ಲಾಗಲಿ ಈ ಪ್ರಯೋಜನವನ್ನು ನಿರೀಕ್ಷಿಸಲಾಗದು. ಮೆಣಸಿನ ಖಾರವು ಪಕ್ಷಿಗಳಿಗೆ ತಾಗದೆಂಬುದು ನಿಜವೇ. ಆದುದರಿಂದ ಹಳ್ಳಿಯವರು ಮೆಣಸಿನಕಾಯಿ ಕೊಡುವ ವಾಡಿಕೆಯು ತಪ್ಪಲ್ಲ, ಹಸಿರಿಗೆ ಬದಲು ಹಣ್ಣಾದದ್ದನ್ನು ಕೊಟ್ಟರೆ ಇನ್ನೂ ಲೇಸು.

ಎರಡನೆಯ ಕೊರತೆ ಸುಣ್ಣಾಂಶದ್ದು. ಇಲ್ಲಿ ರಾಗಿ ಬೆಳೆಯುವ ಸೀಮೆಯವರು ಭಾಗ್ಯವಂತರು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಗಿಲಾದ ಕ್ಯಾಲ್ಸಿಯಂ ಇರುವಲ್ಲಿ, ನುಣುಪು ಅಕ್ಕಿಯಲ್ಲಿ ಹತ್ತರ ಆಸುಪಾಸಿನಲ್ಲಿರುವುದು. ಮೊಳಕೆ ಬರಿಸಿದ ರಾಗಿಯು ಕಾಳಿಗಿಂತಲೂ ಉತ್ತಮ. ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರಫೇನವೆಂಬ ಹೆಸರಿನಲ್ಲಿ ದೊರೆಯುವ ಕಟಲ್ ಮೀನಿನ ಎಲುಬಿನ ತುಂಡನ್ನು ತೊಳೆದು ಒಣಗಿಸಿ ಪಂಜರದ ಕಂಬಿಗೆ ಕಟ್ಟಿದರೆ ಪಕ್ಷಿಯು ಬೇಕಾದಾಗ ಕೊರೆದು ತಿನ್ನುವುದು. ಮೊಟ್ಟೆಯಿಡುವ ಹೆಣ್ಣಿಗೆ ಇದು ಅತ್ಯಗತ್ಯ, ಇಲ್ಲವಾದರೆ ಮೊಟ್ಟೆಯು ಒಳಗೇ ಸಿಕ್ಕಿಕೊಂಡು ಪ್ರಾಣಕ್ಕೆ ಬರಬಹುದು. ಬೂದು ಗಿಳಿಗಳಲ್ಲಿ ಸುಣ್ಣಾಂಶದ ಕೊರತೆಯಿಂದ ಅಪಸ್ಮಾರದಂತೆ ಸೆಳವು ಬರುವುದುಂಟು. ಸುಣ್ಣಾಂಶವು ರಕ್ತಗತವಾಗಲು ಡಿ ಜೀವಸತ್ವವು ಬೇಕು, ಅದು ಹುಟ್ಟುವುದು ಬಿಸಿಲಿನಿಂದ. ಕಿಟಕಿಯ ಗಾಜು ಈ ಗುಣವುಳ್ಳ ಕಿರಣಗಳನ್ನು ತಡೆಯುವುದರಿಂದ ಗಾಜಿನ ಹಿಂದೆ ಇಟ್ಟ ಪಂಜರಕ್ಕೆ ಬೆಳಕು ಬಂದರೂ ಪ್ರಯೋಜನವಾಗದು. ಬೆಳಗಿನ ಎಳೆಬಿಸಿಲಿನಲ್ಲಿ ಅರ್ಧ ಗಂಟೆ ಹೊರಗಿಟ್ಟು, ಪಂಜರದ ಒಂದು ಮಗ್ಗುಲಿಗೆ ನೆರಳು ಮಾಡಿಕೊಟ್ಟರೆ ಸಾಕು. ಬೆಕ್ಕಿನ ಮೇಲೆ ಮಾತ್ರ ಕಣ್ಣಿರಲಿ.

ಇನ್ನು ಪೇಟೆಯ ಟಾನಿಕ್ಕುಗಳ ವಿಚಾರ. ಇಲ್ಲಿಯೇ ಹಣವೂ ಪಕ್ಷಿಯೂ ಹೆಚ್ಚಾಗಿ ಹಾಳಾಗುವುದು. ಜೀವಸತ್ವದ ಹನಿಗಳನ್ನು ಕುಡಿಯುವ ನೀರಿಗೆ ಬೆರೆಸುವ ವಾಡಿಕೆಯು ಎಲ್ಲೆಡೆ ಇದೆ. ಬೆಳಕಿನಲ್ಲಿಯೂ ಗಾಳಿಯಲ್ಲಿಯೂ ಈ ಸತ್ವಗಳು ಬೇಗನೆ ಕೆಡುವುವು. ಸಿಹಿಯಾದ ನೀರಿನಲ್ಲಿ ರೋಗಾಣುಗಳು ಬೆಳೆಯುವುವು. ರುಚಿ ಹಿಡಿಸದ ಪಕ್ಷಿಯು ನೀರನ್ನೇ ಬಿಡುವುದು. ಪುಡಿಯನ್ನು ಒಣ ಬೀಜದ ಮೇಲೆ ಉದುರಿಸಿದರೆ, ಗಿಳಿಯು ಬೀಜದ ಸಿಪ್ಪೆ ಸುಲಿದೇ ತಿನ್ನುವುದಾದ್ದರಿಂದ, ಔಷಧವೆಲ್ಲವೂ ಸಿಪ್ಪೆಯೊಡನೆ ತಳಕ್ಕೆ ಬೀಳುವುದು. ಇವೆಲ್ಲಕ್ಕಿಂತ ಅಪಾಯಕರವಾದದ್ದು ಕೋಳಿಸಾಕಣೆಯುಳ್ಳವರು ನೂರಾರು ಕೋಳಿಗಳಿಗೆಂದು ತಂದ ಟಾನಿಕ್ಕಿನಿಂದಲೇ ಗಿಳಿಗೂ ಒಂದು ಚಮಚ ಸುರಿಯುವುದು. ಬಡ್ಜರಿಗಾರ್ ಹಕ್ಕಿಯ ಇಡೀ ದೇಹದ ತೂಕವು 30ರಿಂದ 40 ಗ್ರಾಂ ಮಾತ್ರ. ಎ ಮತ್ತು ಡಿ ಜೀವಸತ್ವಗಳು ಕೊಬ್ಬಿನಲ್ಲಿ ಕರಗುವಂಥವಾದುದರಿಂದ, ಹೆಚ್ಚಾದದ್ದು ಮೂತ್ರದಲ್ಲಿ ಹರಿದುಹೋಗದೆ ಶರೀರದಲ್ಲಿಯೇ ನಿಲ್ಲುವುದು. ಡಿ ಸತ್ವವು ಮಿತಿಮೀರಿದರೆ ಮೂತ್ರಪಿಂಡದಲ್ಲಿ ಸುಣ್ಣವು ಕಟ್ಟಿಕೊಂಡು ಪಕ್ಷಿಯು ಸಾಯುವುದು. ಸಂಸ್ಕರಿಸಿದ ಉಂಡೆಯಾಹಾರವನ್ನು ಕೊಡುವವರು, ಅದರಲ್ಲಿ ಈ ಸತ್ವಗಳು ಮೊದಲೇ ಸೇರಿರುವುದರಿಂದ, ಮೇಲೆ ಹನಿಗಳನ್ನು ಸೇರಿಸಲೇಕೂಡದು. ಕೊರತೆಯ ಚಿಹ್ನೆಗಳು ಕಂಡ ಪಕ್ಷಿಗೆ ಪಶುವೈದ್ಯರು ತೂಕ ನೋಡಿ ಹೇಳಿದ ಪ್ರಮಾಣವನ್ನು ಮೆತ್ತಗಿನ ಒದ್ದೆ ಆಹಾರದಲ್ಲಿ ಕಲಸಿ ಕೊಡುವುದೊಂದೇ ಸರಿಯಾದ ಮಾರ್ಗ.

ಆಹಾರವನ್ನು ಬದಲಾಯಿಸುವಾಗ ಆತುರವು ಸಲ್ಲದು. ಬೀಜಕ್ಕೆ ಒಗ್ಗಿದ ಗಿಳಿಯು ಹೊಸದನ್ನು ಆಹಾರವೆಂದೇ ಗುರುತಿಸದೆ ತುಂಬಿದ ಬಟ್ಟಲಿನ ಮುಂದೆ ಉಪವಾಸ ಸಾಯಬಹುದು. ಬೆಳಿಗ್ಗೆ ಹಸಿದಿರುವಾಗ ಸಣ್ಣಗೆ ಹೆಚ್ಚಿದ ಸೊಪ್ಪು ತರಕಾರಿಗಳನ್ನೂ, ಮೊಳಕೆ ಬಂದ ಹೆಸರು ರಾಗಿಗಳನ್ನೂ ಇಟ್ಟು, ಎರಡು ಗಂಟೆಯ ಮೇಲೆ ಉಳಿದದ್ದನ್ನು ತೆಗೆದು, ತರುವಾಯ ವಾಡಿಕೆಯ ಬೀಜವನ್ನು ಕೊಡತಕ್ಕದ್ದು. ವಾರ ವಾರಕ್ಕೆ ಬೀಜವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ, ನವಣೆ ಸಾಮೆಗಳನ್ನು ಅದರ ಸ್ಥಾನಕ್ಕೆ ತರಬಹುದು. ಮನೆಯವರು ಪಕ್ಷಿಯ ಎದುರಿಗೆ ತಾವೇ ಒಂದು ಕ್ಯಾರೆಟ್ ಚೂರನ್ನು ತಿಂದು ತೋರಿಸಿದರೆ, ಹಿಂಡಿನಲ್ಲಿ ಬಾಳುವ ಈ ಜಾತಿಯು ಬೇಗನೆ ಅನುಕರಿಸುವುದು. ಈ ಅವಧಿಯಲ್ಲಿ ದಿನವೂ ಗ್ರಾಂ ತಕ್ಕಡಿಯಲ್ಲಿ ತೂಗಿ ಬರೆದಿಡಬೇಕು. ಹತ್ತರಲ್ಲೊಂದು ಪಾಲು ಇಳಿದರೆ ಹಳೆಯ ಆಹಾರಕ್ಕೆ ಹಿಂದಿರುಗಿ ವೈದ್ಯರನ್ನು ಕಾಣತಕ್ಕದ್ದು.

ಬೆಣ್ಣೆಹಣ್ಣು ಗಿಳಿಗಳಿಗೆ ವಿಷ. ಕೊಡಗು ಚಿಕ್ಕಮಗಳೂರುಗಳ ತೋಟದ ಮನೆಗಳವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಾಫಿ, ಚಾಕೊಲೇಟು, ಈರುಳ್ಳಿ, ಬೆಳ್ಳುಳ್ಳಿ, ಉಪ್ಪಿನ ತಿಂಡಿಗಳೂ ವರ್ಜ್ಯ. ಹಾಲನ್ನವನ್ನು ಪ್ರೀತಿಯಿಂದ ಕೊಡುವವರಿದ್ದಾರೆ, ಆದರೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿಯು ಪಕ್ಷಿಗಳಿಗೆ ಇಲ್ಲ. ಮುಗ್ಗಲು ಹಿಡಿದ ಶೇಂಗಾ ಎಲ್ಲಕ್ಕಿಂತ ಕೆಟ್ಟದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ತಿಂದು ಸತ್ತ ಮೇಲೆಯೇ ಅಫ್ಲಟಾಕ್ಸಿನ್ ಎಂಬ ವಿಷವು ಗೊತ್ತಾದದ್ದು. ಮಾರಲು ಬಾರದ ಕಾಳನ್ನು ಪಂಜರಕ್ಕೆ ಹಾಕುವ ಮಿತವ್ಯಯವನ್ನು ಬಿಡತಕ್ಕದ್ದು.

ಕಟ್ಟಕಡೆಗೆ ಒಂದು ಎಚ್ಚರಿಕೆ ಉಳಿದಿದೆ. ಮೂಗು ಸೋರುವ, ಕಣ್ಣು ಊದಿದ ಗಿಳಿಗೆಲ್ಲ ಜೀವಸತ್ವದ ಕೊರತೆಯೇ ಎಂದು ಮನೆಯಲ್ಲಿಯೇ ನಿರ್ಧರಿಸಲಾಗದು. ಸಿಟಕೋಸಿಸ್ ಎಂಬ ಅಂಟುರೋಗದಲ್ಲಿಯೂ ಇವೇ ಚಿಹ್ನೆಗಳು ತೋರುವುವು. ಅದು ಒಣಗಿದ ಹಿಕ್ಕೆಯ ಧೂಳಿನಿಂದ ಮನುಷ್ಯರ ಶ್ವಾಸಕೋಶಕ್ಕೂ ಹತ್ತುವುದು. ಅಂಥ ಪಕ್ಷಿಯನ್ನು ಮಕ್ಕಳಿಂದ ದೂರವಿಟ್ಟು, ಪಂಜರದ ತಳಕ್ಕೆ ನೀರು ಚಿಮುಕಿಸಿ ಹಿಕ್ಕೆಯನ್ನು ತೇವಮಾಡಿದ ಮೇಲೆಯೇ ಬಳಿದು, ಕೈಗಳನ್ನು ಸೋಪಿನಿಂದ ತೊಳೆದು, ಅದೇ ದಿನ ತಾಲ್ಲೂಕಿನ ಪಶುವೈದ್ಯಾಲಯಕ್ಕೆ ಒಯ್ಯಬೇಕು. ಮನೆಯಲ್ಲಿ ಯಾರಿಗಾದರೂ ಜ್ವರವೂ ಒಣಕೆಮ್ಮೂ ಇದ್ದರೆ, ಮನೆಯಲ್ಲಿ ಗಿಳಿಯಿದೆಯೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು.