ಬಯೋಸ್ ಚಿಪ್ ಓದಿ ಬ್ಯಾಕಪ್ ತೆಗೆಯಿರಿ: ಮೊದಲ ಸಲದವರಿಗೆ

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಓಡುವ ಬಯೋಸ್, ಮದರ್‌ಬೋರ್ಡ್ ಮೇಲಿನ ಪುಟ್ಟ ಫ್ಲ್ಯಾಶ್ ಚಿಪ್ಪಿನಲ್ಲಿರುತ್ತದೆ. ಅದರೊಳಗಿನದು ಅಳಿಸಿಹೋದರೆ ಯಂತ್ರ ಏಳುವುದೇ ಇಲ್ಲ. ಅದಕ್ಕೇ ಅದಕ್ಕೆ ಅಷ್ಟು ಬಿಗಿ ಕಾವಲು. ಭಯಪಡಬೇಡಿ, ಇಲ್ಲಿ ನಾವು ಓದುತ್ತೇವೆ ಅಷ್ಟೇ, ಏನನ್ನೂ ಬರೆಯುವುದಿಲ್ಲ. ಲಿನಕ್ಸ್ ಮತ್ತು ಫ್ಲ್ಯಾಶ್‌ರಾಮ್ ಎಂಬ ಉಚಿತ ಟೂಲ್ ಇದ್ದರೆ ಸಾಕು.

1. ಡೆಸ್ಕ್‌ಟಾಪ್ ಆರಿಸಿಕೊಳ್ಳಿ. ಮೊದಲ ಸಲಕ್ಕೆ ಲ್ಯಾಪ್‌ಟಾಪ್ ಬೇಡವೇ ಬೇಡ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡ್, ಫ್ಯಾನ್ ನೋಡಿಕೊಳ್ಳುವ ಎಂಬೆಡೆಡ್ ಕಂಟ್ರೋಲರ್ ಕೂಡ ಇದೇ ಚಿಪ್ ಬಳಸುತ್ತಿರುತ್ತದೆ. ನಡುವೆ ನಾವು ಕೈಹಾಕಿದರೆ ಯಂತ್ರ ಹ್ಯಾಂಗ್ ಆಗಬಹುದು.

2. ತೆರೆದ ಫೈಲ್‌ಗಳನ್ನೆಲ್ಲ ಸೇವ್ ಮಾಡಿ.

3. ಟೂಲ್ ಹಾಕಿಕೊಳ್ಳಿ. ಉಬುಂಟು ಅಥವಾ ಡೆಬಿಯನ್ ಆದರೆ ಟರ್ಮಿನಲ್‌ನಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಫ್ಲ್ಯಾಶ್‌ರಾಮ್’ ಎಂದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ.

4. ಚಿಪ್ ಗುರುತಿಸಿ. ‘ಸುಡೊ ಫ್ಲ್ಯಾಶ್‌ರಾಮ್’, ಸ್ಪೇಸ್, ಹೈಫನ್, ಅದಕ್ಕೆ ಅಂಟಿಕೊಂಡಂತೆ ಸಣ್ಣ ‘ಪಿ’, ಸ್ಪೇಸ್, ‘ಇಂಟರ್ನಲ್’. ಎಂಟರ್ ಒತ್ತಿ. ಚಿಪ್ಪಿನ ಹೆಸರು, ಅಳತೆ ತೆರೆಯ ಮೇಲೆ ಬರುತ್ತವೆ. 16384 ಕೆಬಿ ಎಂದಿದ್ದರೆ ಅದು 16 ಎಂಬಿ ಚಿಪ್. ಬರೆದಿಟ್ಟುಕೊಳ್ಳಿ.

5. ಅನುಮತಿ ಇಲ್ಲ ಎಂದು ಬಂತೇ? ಸುಡೊ ಕೊಟ್ಟರೂ ಹೀಗೇಕೆ ಎಂದು ಗಾಬರಿಯಾಗಬೇಡಿ. ಸೆಕ್ಯೂರ್ ಬೂಟ್ ಆನ್ ಇದ್ದಾಗ ಹಲವು ಲಿನಕ್ಸ್‌ಗಳಲ್ಲಿ ಕರ್ನಲ್ ‘ಲಾಕ್‌ಡೌನ್’ ಆಗಿರುತ್ತದೆ; ಹಾರ್ಡ್‌ವೇರ್ ಮೆಮೊರಿಯನ್ನು ರೂಟ್‌ಗೂ ಮುಟ್ಟಗೊಡುವುದಿಲ್ಲ. 2019ರ ಲಿನಕ್ಸ್ 5.4ರಿಂದ ಈ ಏರ್ಪಾಡು ಕರ್ನಲ್‌ನಲ್ಲೇ ಇದೆ. ಬಯೋಸ್ ಸೆಟಪ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿ, ನಾಲ್ಕನೆಯ ಹಂತಕ್ಕೆ ಮರಳಿ. ಎಚ್ಚರ: ಅದೇ ಯಂತ್ರದಲ್ಲಿ ಬಿಟ್‌ಲಾಕರ್ ಹಾಕಿದ ವಿಂಡೋಸ್ ಇದ್ದರೆ ರಿಕವರಿ ಕೀ ಮೊದಲೇ ಕೈಯಲ್ಲಿರಲಿ.

6. ಓದಿ. ನಾಲ್ಕನೆಯ ಹಂತದ ಸಾಲಿನ ಕೊನೆಗೆ ಸ್ಪೇಸ್, ಹೈಫನ್, ಸಣ್ಣ ‘ಆರ್’, ಸ್ಪೇಸ್, ಫೈಲ್‌ಗೊಂದು ಹೆಸರು ಸೇರಿಸಿ. ಹೊಸಬರು ಎಡವುವುದು ಇಲ್ಲೇ. ‘ಆರ್’ ಓದುತ್ತದೆ, ‘ಡಬ್ಲ್ಯೂ’ ಚಿಪ್ಪಿಗೆ ಬರೆಯುತ್ತದೆ, ದೊಡ್ಡ ‘ಇ’ ಚಿಪ್ಪನ್ನೇ ಅಳಿಸುತ್ತದೆ. ಎಂಟರ್ ಒತ್ತುವ ಮುಂಚೆ ಆ ಒಂದಕ್ಷರವನ್ನು ಬೆರಳಿಟ್ಟು ನೋಡಿ. ಹಳೆಯ ಕಮಾಂಡನ್ನು ಮೇಲಿನ ಬಾಣದ ಕೀಲಿಯಿಂದ ಕರೆತರುವ ಅಭ್ಯಾಸವಿದ್ದರೆ ಇವತ್ತೊಂದು ದಿನ ಬಿಡಿ.

7. ಓದು ಅರ್ಧಕ್ಕೇ ನಿಂತರೆ ಮೆಸೇಜ್ ಓದಿ. ಇಂಟೆಲ್ ಬೋರ್ಡ್‌ಗಳಲ್ಲಿ ಮ್ಯಾನೇಜ್‌ಮೆಂಟ್ ಎಂಜಿನ್‌ನ ಭಾಗಕ್ಕೆ ಸಾಮಾನ್ಯವಾಗಿ ಬೀಗವಿರುತ್ತದೆ. ಅದನ್ನು ಜಾರಿಗೊಳಿಸುವುದು ಹಾರ್ಡ್‌ವೇರ್, ಆಪರೇಟಿಂಗ್ ಸಿಸ್ಟಂ ಕಡೆಯಿಂದ ಅದು ತೆರೆಯದು. ‘ಫೋರ್ಸ್’ ಎಂಬ ಆಯ್ಕೆ ಕಂಡರೂ ಮುಟ್ಟಬೇಡಿ. ಅದರ ಬದಲು ಹೈಫನ್ ಹೈಫನ್ ‘ಐಎಫ್‌ಡಿ’, ಸ್ಪೇಸ್, ಹೈಫನ್ ‘ಐ’, ಸ್ಪೇಸ್, ‘ಬಯೋಸ್’ ಸೇರಿಸಿ ಬಯೋಸ್ ಭಾಗವನ್ನಷ್ಟೇ ಓದಿ. ಅದು ಪೂರ್ತಿ ಚಿಪ್ಪಿನ ಬ್ಯಾಕಪ್ ಅಲ್ಲ ಎಂದು ಫೈಲ್ ಹೆಸರಿನಲ್ಲೇ ಗುರುತು ಹಾಕಿ.

8. ಇನ್ನೊಂದು ಸಲ ಓದಿ, ಬೇರೆ ಹೆಸರಿಗೆ.

9. ಹೋಲಿಸಿ. ‘ಶಾ256ಸಮ್’ ಕಮಾಂಡಿಗೆ ಎರಡೂ ಫೈಲ್ ಕೊಡಿ. ಕೊನೆಯ ಫೈಲ್ ಹೆಸರು ಬಿಟ್ಟು ಎರಡು ಸಾಲೂ ಒಂದೇ ಇರಬೇಕು. ಪೂರ್ತಿ ಓದಿದ 16 ಎಂಬಿ ಚಿಪ್ಪಿನ ಫೈಲ್ ಸರಿಯಾಗಿ 1,67,77,216 ಬೈಟ್ ಇರಬೇಕು. ಓದಿದಾಗಲೆಲ್ಲ ಬೇರೆ ಬೇರೆ ಬಂದರೆ ಆ ಬ್ಯಾಕಪ್ ನಂಬಬೇಡಿ.

10. ಪೆನ್‌ಡ್ರೈವ್‌ಗೆ ಹಾಕಿ. ಯಂತ್ರವೇ ಏಳದಿದ್ದಾಗ ಅದರೊಳಗಿನ ಫೈಲ್ ಕೈಗೆ ಸಿಗುವುದಿಲ್ಲ. ಈ ಫೈಲನ್ನು ಯಾರಿಗೂ ಕಳಿಸಬೇಡಿ. ಸೀರಿಯಲ್ ನಂಬರ್, ಕೆಲವು ಯಂತ್ರಗಳಲ್ಲಿ ವಿಂಡೋಸ್ ಕೀ ಕೂಡ ಅದರಲ್ಲಿರುತ್ತದೆ.

11. ಸೆಕ್ಯೂರ್ ಬೂಟ್ ಆಫ್ ಮಾಡಿದ್ದರೆ ಈಗಲೇ ರೀಸ್ಟಾರ್ಟ್ ಮಾಡಿ ಮತ್ತೆ ಆನ್ ಮಾಡಿ.