ಇಳಕಲ್ ಸೀರೆ: ಕೊಂಡಿ ನೋಡಿ ಗುರುತಿಸಿ



ನಮ್ಮ ಮಾಗಡಿ, ಶಿರಹಟ್ಟಿ, ಲಕ್ಷ್ಮೇಶ್ವರದ ಮನೆಗಳಲ್ಲಿ ಅಜ್ಜಿಯ ಟ್ರಂಕು ತೆರೆದರೆ ಒಂದಾದರೂ ಇಳಕಲ್ ಸೀರೆ ಸಿಗುತ್ತದೆ. ಇಳಕಲ್ ನಮ್ಮ ನೆರೆಯ ಬಾಗಲಕೋಟೆ ಜಿಲ್ಲೆಯ ಊರು. ಆ ಸೀರೆಯನ್ನು ಕೈಯಿಂದ ನೇಯ್ದದ್ದೋ ಅಲ್ಲವೋ ಎಂದು ಗುರುತಿಸುವುದು ಹೇಗೆ? ಇದೇ ಇಂದಿನ ಪಾಠ.

ಸೀರೆಯ ಭಾಗಗಳು

ಒಡಲು, ದಡಿ, ಸೆರಗು ಎಂದು ಸೀರೆಗೆ ಮೂರು ಭಾಗಗಳು. ಒಡಲು ಹೆಚ್ಚಾಗಿ ಹತ್ತಿಯದು. ಸೆರಗು ರೇಷ್ಮೆ ಅಥವಾ ಕೃತಕ ರೇಷ್ಮೆಯದು. ದಡಿ ಮತ್ತು ಸೆರಗಿನ ಬಣ್ಣ ಸಾಮಾನ್ಯವಾಗಿ ಒಂದೇ: ಕೆಂಪು ಅಥವಾ ಕುಂಕುಮ ಬಣ್ಣ. ಗೋಮಿ, ಚಿಕ್ಕಿ ಪರಾಸ, ಗಾಡಿ ಎಂಬವು ದಡಿಯ ಬಗೆಗಳು. ಹೆಸರುವಾಸಿಯಾದ 'ಟೋಪ ತೆನಿ' ಸೆರಗಿನಲ್ಲಿ 3 ಕೆಂಪು ಪಟ್ಟಿಗಳು, ಅವುಗಳ ನಡುವೆ 2 ಬಿಳಿ ಪಟ್ಟಿಗಳು ಇರುತ್ತವೆ. ಸೆರಗಿನ ಚಿತ್ತಾರಗಳಿಗೆ ಹಣಿಗೆ, ಕೋಟೆಯ ತೆನೆ, ಜೋಳದ ತೆನೆಗಳೇ ಮಾದರಿ.

ಕೊಂಡಿ ಎಂದರೇನು?

ಉದ್ದಕ್ಕೆ ಹೋಗುವ ಎಳೆ ಹಾಸು, ಅಡ್ಡಕ್ಕೆ ಹೋಗುವ ಎಳೆ ಹೊಕ್ಕು. ಬೇರೆ ಹೆಚ್ಚಿನ ಸೀರೆಗಳಲ್ಲಿ ಒಡಲಿನ ಹಾಸೇ ಸೆರಗಿನವರೆಗೂ ಸಾಗುತ್ತದೆ. ಇಳಕಲ್ ಸೀರೆಯಲ್ಲಿ ಹಾಗಲ್ಲ. ಒಡಲಿಗೊಂದು ಹಾಸು, ಸೆರಗಿಗೊಂದು ಹಾಸು. ಒಡಲಿನ ಪ್ರತಿ ಎಳೆಯನ್ನೂ ಸೆರಗಿನ ಎಳೆಯೊಂದಿಗೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಈ ಜೋಡಣೆಗೇ ಕೊಂಡಿ ಎಂದು ಹೆಸರು. ಪ್ರತಿ ಸೀರೆಗೂ ಇದನ್ನು ಹೊಸದಾಗಿಯೇ ಮಾಡಬೇಕು. ಮನೆಯ ಹೆಣ್ಣುಮಕ್ಕಳು ನೂಲು ಸುತ್ತಿ, ಹಾಸು ಸಿದ್ಧಮಾಡಿ ಕೊಟ್ಟ ಮೇಲೆ ಕುಣಿಮಗ್ಗದಲ್ಲಿ ಲಾಳಿ ಓಡುತ್ತದೆ. ಒಂದು ಸೀರೆಗೆ ಸುಮಾರು 7 ದಿನ ಬೇಕು.

ಇದು ಏಕೆ ಮುಖ್ಯ?

ಇಳಕಲ್ ಚಿತ್ತಾರವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿದರೆ ಅರ್ಧ ಗಳಿಗೆಯ ಕೆಲಸ. ಅದನ್ನೇ ಅದೇ ಹೆಸರಿನಲ್ಲಿ ಕಡಿಮೆ ಬೆಲೆಗೆ ಮಾರಿದರೆ, ವಾರವಿಡೀ ದುಡಿದ ನೇಕಾರನ ಕೂಲಿ ಕುಸಿಯುತ್ತದೆ. ಅವನ ಮಗ ಮಗ್ಗ ಬಿಟ್ಟು ಬೇರೆ ಕೆಲಸ ಹುಡುಕುತ್ತಾನೆ. ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನು ಮೀಸಲಿಡಲು 1985ರಲ್ಲಿ ಕಾಯ್ದೆ ಬಂತು. ಇಳಕಲ್ ಸೀರೆಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ಅಂಗಡಿಯಲ್ಲಿ ಸೀರೆ ಬಿಡಿಸಿ ನೋಡುವವರು ನಾವೇ. ನಮಗೆ ಗುರುತು ತಿಳಿಯದಿದ್ದರೆ ಕಾಯ್ದೆಯೊಂದೇ ಏನು ಮಾಡೀತು?

1905ರ ಆಗಸ್ಟ್ 7ರಂದು ಕೋಲ್ಕತ್ತದಲ್ಲಿ ಸ್ವದೇಶಿ ಚಳವಳಿ ಆರಂಭವಾಯಿತು. ಅದರ ನೆನಪಿಗೆ 2015ರಿಂದ ಆ ದಿನವನ್ನು ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸುತ್ತೇವೆ.

ಮನೆಗೆಲಸ

1. ಮನೆಯ ಇಳಕಲ್ ಸೀರೆಯನ್ನು ತಿರುವಿ ಹಾಕಿ, ಒಡಲು ಮತ್ತು ಸೆರಗು ಕೂಡುವ ಕಡೆ ಬೆರಳಾಡಿಸಿ. ಸಣ್ಣ ಕುಣಿಕೆಗಳ ಸಾಲು ಇದೆಯೇ?
2. ಅದನ್ನು ಕೊಂಡ ಬೆಲೆ ಕೇಳಿ, ನೂಲಿನ ಖರ್ಚು ಮತ್ತು ಅಂಗಡಿಯ ಲಾಭ ಅಂದಾಜಿಸಿ ಕಳೆಯಿರಿ. ಉಳಿದದ್ದನ್ನು 7ರಿಂದ ಭಾಗಿಸಿ. ಬಂದ ಮೊತ್ತದಲ್ಲಿ ಒಂದು ಮನೆ ಒಂದು ದಿನ ನಡೆಯುತ್ತದೆಯೇ? ತರಗತಿಯಲ್ಲಿ ಚರ್ಚಿಸಿ.