ದೀಪ ಉರಿಯುತ್ತದೆ, ಕಾರು ಸ್ಟಾರ್ಟ್ ಆಗುವುದಿಲ್ಲ: ದೋಷ ಹುಡುಕುವ ಒಂದು ಪಾಠ

(ಪ್ರೌಢಶಾಲಾ ವಿಜ್ಞಾನ – ವಿದ್ಯುತ್ ಪ್ರವಾಹ. ಎರಡು ಅವಧಿ, ಅನುಕೂಲವಿದ್ದಲ್ಲಿ ಮೂರು)

ಓಮ್ ನಿಯಮವು ತರಗತಿಯಲ್ಲಿ ಬಹುಮಟ್ಟಿಗೆ ಸೂತ್ರವಾಗಿಯೇ ಉಳಿದುಬಿಡುತ್ತದೆ. ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ರೋಧ ದೊರೆಯುತ್ತದೆಂಬುದನ್ನು ಮಕ್ಕಳು ಬಲ್ಲರು, ಲೆಕ್ಕವನ್ನೂ ತಪ್ಪಿಲ್ಲದೆ ಮಾಡುತ್ತಾರೆ. ಆದರೆ ಮನೆಯಂಗಳದಲ್ಲಿ ನಿಂತ ಕಾರು ಒಂದು ಬೆಳಿಗ್ಗೆ ಕೀಲಿ ತಿರುಗಿಸಿದಾಗ ‘ಟಕ್’ ಎಂದು ಸುಮ್ಮನಾದರೆ, ಆ ಮೌನಕ್ಕೂ ಪುಸ್ತಕದ ಸೂತ್ರಕ್ಕೂ ನಂಟಿದೆಯೆಂದು ಅವರಿಗೆ ಹೊಳೆಯುವುದು ಅಪರೂಪ. ಆ ನಂಟನ್ನು ತೋರಿಸಿಕೊಡುವುದು ಈ ಪಾಠದ ಉದ್ದೇಶ.

ಗಡಿನಾಡಿನ ಕನ್ನಡ ಶಾಲೆಗಳಿಗೆ ಇದರಲ್ಲಿ ಇನ್ನೊಂದು ಪ್ರಯೋಜನವೂ ಉಂಟು. ಕಾಸರಗೋಡಿನ ಗ್ಯಾರೇಜಿನಲ್ಲಿ ಮಾತು ಮಲಯಾಳದಲ್ಲಿ ನಡೆಯುತ್ತದೆ, ಅಕ್ಕಲಕೋಟೆಯಲ್ಲಿ ಮರಾಠಿಯಲ್ಲಿ; ಬಿಲ್ಲು ಬರುವುದು ಇಂಗ್ಲಿಷಿನಲ್ಲಿ. ಮನೆಯ ಹಿರಿಯರು ಆ ಬಿಲ್ಲನ್ನು ಮಡಚಿ ತಂದು ಓದಿಸುವುದು ಒಂಬತ್ತನೆಯ ತರಗತಿಯ ಹುಡುಗನಿಂದಲೋ ಹುಡುಗಿಯಿಂದಲೋ. ಅಕ್ಷರಗಳನ್ನು ಕೂಡಿಸಿ ಓದುವುದು ಆ ಮಗುವಿಗೆ ಸಾಧ್ಯ. ಆದರೆ ಬರೆದ ಕೆಲಸ ಅಗತ್ಯವಿತ್ತೇ ಎಂಬ ಪ್ರಶ್ನೆಯನ್ನು ಕೇಳಲು ಬೇಕಾದ ತಿಳಿವಳಿಕೆಯನ್ನು ಶಾಲೆ ಕೊಟ್ಟಿದೆಯೇ? ಬಾಡಿಗೆ ಕಾರು ಓಡಿಸಿ ಬದುಕುವ ಮನೆಗೆ ಒಂದು ದಿನ ವಾಹನ ನಿಂತರೆ ಆ ದಿನದ ಸಂಪಾದನೆಯೂ ನಿಂತಂತೆ. ಅಂಥಲ್ಲಿ ಸಾವಿರಾರು ರೂಪಾಯಿಯ ಹೊಸ ಬ್ಯಾಟರಿಯನ್ನು ಕೊಳ್ಳುವುದಕ್ಕೂ ಚಮಚದಷ್ಟು ಅಡುಗೆ ಸೋಡಾದಿಂದ ಕೆಲಸ ಮುಗಿಯುವುದಕ್ಕೂ ಇರುವ ಅಂತರ ಸಣ್ಣದಲ್ಲ.

ಸಮಸ್ಯೆ

ತರಗತಿಯ ಮುಂದೆ ಇಡಬೇಕಾದ ಒಗಟು ಹೀಗಿದೆ. ಕಾರಿನ ಒಳದೀಪ ಚೆನ್ನಾಗಿ ಉರಿಯುತ್ತದೆ, ಮುಂದೀಪವೂ ಪ್ರಕಾಶಮಾನವಾಗಿದೆ, ಹಾರ್ನ್ ಕೂಗುತ್ತದೆ. ಕೀಲಿ ತಿರುಗಿಸಿದೊಡನೆ ದೀಪಗಳೆಲ್ಲ ಮಂಕಾಗುತ್ತವೆ, ‘ಟಕ್’ ಎನ್ನುತ್ತದೆ, ಎಂಜಿನ್ ತಿರುಗುವುದಿಲ್ಲ. ಕೀಲಿ ಬಿಟ್ಟರೆ ದೀಪಗಳು ಮತ್ತೆ ಮೊದಲಿನಂತೆ. ಬ್ಯಾಟರಿ ಸತ್ತಿದೆಯೇ? ಸತ್ತಿದ್ದರೆ ದೀಪ ಹೇಗೆ ಉರಿಯಿತು? ಸತ್ತಿಲ್ಲವಾದರೆ ಎಂಜಿನ್ ಏಕೆ ತಿರುಗಲಿಲ್ಲ?

ಉತ್ತರವನ್ನು ಅಧ್ಯಾಪಕರು ಕೂಡಲೇ ಹೇಳಬಾರದು. ಮಕ್ಕಳು ಊಹಿಸಲಿ, ಊಹೆಗಳೆಲ್ಲ ಕಪ್ಪುಹಲಗೆಯ ಮೇಲೆ ಬರಲಿ. ಬ್ಯಾಟರಿ, ‘ಸೆಲ್ಫ್’, ವೈರು, ಪೆಟ್ರೋಲು ಎಂದು ನಾಲ್ಕಾರು ಹೆಸರುಗಳು ಬರುತ್ತವೆ. ‘ಸೆಲ್ಫ್’ ಎಂದರೆ ಎಂಜಿನ್ನನ್ನು ಮೊದಲು ತಿರುಗಿಸಿಕೊಡುವ ಸ್ಟಾರ್ಟರ್ ಮೋಟರು. ‘ಸೆಲ್ಫ್ ಸ್ಟಾರ್ಟರ್’ ಎಂಬುದರ ಮೊಟಕು ರೂಪ. ಮುಂಭಾಗದಲ್ಲಿ ನಿಂತು ಕೈಯಿಂದ ಹ್ಯಾಂಡಲ್ ತಿರುಗಿಸಿ ಕಾರು ಎಬ್ಬಿಸುತ್ತಿದ್ದ ಕಾಲದಲ್ಲಿ, 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರನ್ನು ಜೋಡಿಸಲಾಯಿತು. ಅದು ‘ತಾನೇ’ ಎಬ್ಬಿಸುತ್ತದೆಂಬ ಬೆರಗು ನಮ್ಮ ಗ್ಯಾರೇಜುಗಳ ಮಾತಿನಲ್ಲಿ ಇಂದಿಗೂ ಉಳಿದಿದೆ. ಗ್ಯಾರೇಜಿನ ಪದಗಳನ್ನು ಅಶುದ್ಧವೆಂದು ತಳ್ಳಿಹಾಕದೆ, ಪಠ್ಯದ ಪದದ ಪಕ್ಕದಲ್ಲಿ ಬರೆಯಿಸುವುದು ಒಳ್ಳೆಯದು. ‘ಅರ್ತ್’ ಎಂದು ಮೆಕ್ಯಾನಿಕ್ ಹೇಳುವುದು ಕಾರಿನ ಲೋಹದ ಮೈಯನ್ನು. ಅದು ಬ್ಯಾಟರಿಯ ಋಣಾಗ್ರಕ್ಕೆ ಜೋಡಿಸಿದ, ಇಡೀ ಮಂಡಲಕ್ಕೆ ಸಾಮಾನ್ಯವಾದ ಹಿಂದಿರುಗುವ ದಾರಿ.

ಲೆಕ್ಕ

ಕಾರಿನ ಬ್ಯಾಟರಿಯಲ್ಲಿ ಆರು ಕೋಶಗಳು ಸರಣಿಯಲ್ಲಿರುತ್ತವೆ. ಒಂದೊಂದರದು ಸುಮಾರು 2.1 ವೋಲ್ಟ್, ಒಟ್ಟು 12.6. ಮುಂದೀಪಗಳೆರಡಕ್ಕೂ ಸೇರಿ ಸುಮಾರು 10 ಆಂಪಿಯರ್ ಪ್ರವಾಹ ಸಾಕು. ಸ್ಟಾರ್ಟರ್ ಮೋಟರಿಗೆ ಬೇಕಾದುದು 100ರಿಂದ 200 ಆಂಪಿಯರ್. ಈ ಅಂತರವೇ ಒಗಟಿನ ಬೀಗದ ಕೈ.

ಬ್ಯಾಟರಿಯ ಸೀಸದ ಕಂಬಕ್ಕೂ ಅದನ್ನು ಹಿಡಿದಿರುವ ಕ್ಲ್ಯಾಂಪಿಗೂ ನಡುವೆ ಬಿಳಿ ಅಥವಾ ಹಸಿರು ಬಣ್ಣದ ಪುಡಿ ಬೆಳೆದಿದೆಯೆಂದು ಭಾವಿಸೋಣ. ಕರಾವಳಿಯ ತೇವಾಂಶದಲ್ಲಿ, ಮಳೆಗಾಲ ಕಳೆದ ಮೇಲೆ ಇದು ಬಹು ಸಾಮಾನ್ಯ. ಆ ಪುಡಿಯಿಂದ 0.02 ಓಮ್ ರೋಧ ಹೆಚ್ಚಿತು ಎನ್ನೋಣ. ಮುಂದೀಪ ಹೊತ್ತಿಸಿದಾಗ ಅಲ್ಲಿ ನಷ್ಟವಾಗುವುದು 10 × 0.02, ಅಂದರೆ 0.2 ವೋಲ್ಟ್. ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ ಮೋಟರಿಗೆ 150 ಆಂಪಿಯರ್ ಹರಿಯಬೇಕಾದರೆ ಅದೇ ಜಾಗದಲ್ಲಿ 3 ವೋಲ್ಟ್ ಕಳೆದುಹೋಗಬೇಕು. ಅಷ್ಟನ್ನು ಬಿಟ್ಟುಕೊಟ್ಟ ಮೇಲೆ ಮೋಟರಿಗೆ ಉಳಿಯುವುದು ಸಾಲದು. ಪ್ರವಾಹವೂ ಕುಗ್ಗುತ್ತದೆ, ಎಂಜಿನ್ ಕದಲುವುದಿಲ್ಲ. ದೀಪಗಳಿಗೂ ದಾರಿ ಅದೇ ಕ್ಲ್ಯಾಂಪಿನ ಮೂಲಕವಾದುದರಿಂದ ಅವೂ ಆ ಕ್ಷಣಕ್ಕೆ ಮಂಕಾಗುತ್ತವೆ. ಬ್ಯಾಟರಿ ಚೆನ್ನಾಗಿಯೇ ಇದೆ. ಕೆಟ್ಟಿರುವುದು ಬೆರಳುಗಾತ್ರದ ಒಂದು ಜೋಡಣೆ.

ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಶಾಖದ ಪ್ರಮಾಣ ದೊರೆಯುತ್ತದೆಂಬ ಪಾಠವೂ ಇಲ್ಲಿಯೇ ಉಪಯೋಗಕ್ಕೆ ಬರುತ್ತದೆ. ಪ್ರವಾಹ 100 ಆಂಪಿಯರಿಗೆ ಕುಗ್ಗಿದರೂ ಆ ಪುಡಿಯಲ್ಲಿ 200 ವ್ಯಾಟ್ ಶಾಖ ಹುಟ್ಟುತ್ತದೆ. ಎರಡು ಮೂರು ಬಾರಿ ಕೀಲಿ ತಿರುಗಿಸಿದ ಬಳಿಕ ಕ್ಲ್ಯಾಂಪು ಬೆಚ್ಚಗಾಗಿದ್ದರೆ ದೋಷವು ತನ್ನ ವಿಳಾಸವನ್ನು ತಾನೇ ಹೇಳಿದಂತಾಯಿತು.

ಮೇಜಿನ ಮೇಲಿನ ಪ್ರಯೋಗ

ಕಾರನ್ನು ತರಗತಿಗೆ ತರಬೇಕಾಗಿಲ್ಲ. 1.5 ವೋಲ್ಟಿನ ಎರಡು ಕೋಶ, 2.5 ವೋಲ್ಟಿನ ಟಾರ್ಚ್ ಬಲ್ಬು, 100 ಓಮ್ ರೋಧಕದೊಡನೆ ಜೋಡಿಸಿದ ಕೆಂಪು ಎಲ್‌ಇಡಿ, 10 ಓಮ್‌ನ ಇನ್ನೊಂದು ರೋಧಕ ಇಷ್ಟಿದ್ದರೆ ಸಾಕು. ಎಲ್‌ಇಡಿಯನ್ನೂ ಬಲ್ಬನ್ನೂ ಸಮಾಂತರವಾಗಿ ಜೋಡಿಸಿ, ಬಲ್ಬಿಗೆ ಮಾತ್ರ ಒಂದು ಸ್ವಿಚ್ಚನ್ನು ಇಡಬೇಕು. 10 ಓಮ್ ರೋಧಕವನ್ನು ಕೋಶಗಳ ಪಕ್ಕದಲ್ಲಿ, ಎರಡಕ್ಕೂ ಸಾಮಾನ್ಯವಾದ ತಂತಿಯಲ್ಲಿ ಸೇರಿಸಬೇಕು. ಇದೇ ನಮ್ಮ ‘ಪುಡಿ’.

ಸ್ವಿಚ್ಚು ತೆರೆದಿದ್ದಾಗ ಎಲ್‌ಇಡಿ ಚೆನ್ನಾಗಿ ಬೆಳಗುತ್ತದೆ. ಅದರ ಪ್ರವಾಹ 10 ಮಿಲಿಆಂಪಿಯರಿನಷ್ಟು ಮಾತ್ರ; ಪುಡಿಯಲ್ಲಾಗುವ ನಷ್ಟ 0.1 ವೋಲ್ಟ್. ಸ್ವಿಚ್ಚು ಮುಚ್ಚಿದರೆ ಬಲ್ಬು ಕೆಂಪಗೆ ಮಿಣುಕುತ್ತದೆ ಅಷ್ಟೆ, ಎಲ್‌ಇಡಿ ಆರಿಹೋಗುತ್ತದೆ. ಸ್ವಿಚ್ಚು ತೆರೆದರೆ ಮತ್ತೆ ಬೆಳಕು. 10 ಓಮ್ ರೋಧಕದ ಎರಡು ತುದಿಗಳನ್ನು ಒಂದು ತಂತಿಯಿಂದ ಸೇರಿಸಿದೊಡನೆ ಎರಡೂ ಒಟ್ಟಿಗೆ ಬೆಳಗುತ್ತವೆ. ಕಾರಿನ ಒಗಟು ಮೇಜಿನ ಮೇಲೆ ಹಾಗೆಯೇ ಮರುಕಳಿಸಿದುದನ್ನು ಕಂಡಾಗ ಮಕ್ಕಳ ಮುಖದಲ್ಲಿ ಮೂಡುವ ಬದಲಾವಣೆಗೆ ಅಧ್ಯಾಪಕರು ಸ್ವಲ್ಪ ಸಮಯ ಕೊಡಬೇಕು. ಆ ಗಳಿಗೆಯಲ್ಲಿ ವಿವರಣೆಗೆ ಇಳಿಯುವ ಆತುರ ಬೇಡ.

ಅಳತೆಯ ಕ್ರಮ

ಕೆಲವು ನೂರು ರೂಪಾಯಿಗೆ ದೊರೆಯುವ ಮಲ್ಟಿಮೀಟರ್ ಒಂದಿದ್ದರೆ ಕಾರಿನಲ್ಲಿ ಈ ದೋಷವನ್ನು ಹತ್ತು ನಿಮಿಷದಲ್ಲಿ ಗುರುತಿಸಬಹುದು. ಅಳೆಯುವ ಕ್ರಮವನ್ನು ಮಕ್ಕಳೇ ರೂಪಿಸಲಿ. ಒಂದೊಂದು ಅಳತೆಯೂ ಒಂದು ಊಹೆಯನ್ನು ಅಳಿಸುವಂತಿರಬೇಕು ಎಂಬುದೊಂದೇ ಷರತ್ತು.

ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದ ಬ್ಯಾಟರಿಯ ಕಂಬಗಳ ನಡುವೆ 12.6 ವೋಲ್ಟ್ ಇದ್ದರೆ ಅದು ಪೂರ್ಣ ತುಂಬಿದೆ, 12.2 ಎಂದರೆ ಹೆಚ್ಚುಕಡಮೆ ಅರ್ಧ. 12ಕ್ಕಿಂತ ಕೆಳಗೆ ಇಳಿದಿದ್ದರೆ ಬಹುತೇಕ ಬರಿದು. ಸಹಾಯಕರೊಬ್ಬರು ಕೀಲಿ ತಿರುಗಿಸುತ್ತಿರುವಾಗ ಅದೇ ಕಂಬಗಳಲ್ಲಿ ವೋಲ್ಟೇಜು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನು ಸಂಶಯಿಸಬೇಕು. ಕುಸಿಯದಿದ್ದರೆ ಮುಖ್ಯವಾದ ಅಳತೆ ಮುಂದಿನದು: ಮೀಟರಿನ ಒಂದು ಕಡ್ಡಿ ಸೀಸದ ಕಂಬದ ಮೇಲೆ, ಇನ್ನೊಂದು ಅದೇ ಕಂಬವನ್ನು ಹಿಡಿದ ಕ್ಲ್ಯಾಂಪಿನ ಮೇಲೆ. ಒಂದಕ್ಕೊಂದು ತಗಲಿಕೊಂಡಿರುವ ಎರಡು ಲೋಹಗಳ ನಡುವೆ ಏನಿದ್ದೀತು ಎಂದು ಮಕ್ಕಳು ಕೇಳುತ್ತಾರೆ. ಪ್ರವಾಹವಿಲ್ಲದಾಗ ಏನೂ ಇರುವುದಿಲ್ಲ. ಕೀಲಿ ತಿರುಗಿಸಿದಾಗ ಒಳ್ಳೆಯ ಜೋಡಣೆಯಲ್ಲಿ 0.1 ವೋಲ್ಟ್ ಅಥವಾ ಅದಕ್ಕಿಂತ ಕಡಮೆ ಕಂಡೀತು. 2 ಅಥವಾ 3 ಕಂಡರೆ ಕಳ್ಳ ಸಿಕ್ಕಿದ. ಋಣಾಗ್ರದಿಂದ ಎಂಜಿನ್ನಿನ ಲೋಹದವರೆಗೂ ಇದೇ ಪರೀಕ್ಷೆ ನಡೆಸಬೇಕು, ಏಕೆಂದರೆ ಹಿಂದಿರುಗುವ ದಾರಿಯೂ ಮಂಡಲದ ಅರ್ಧಭಾಗ. ಎಲ್ಲವೂ ಸರಿಯಿದ್ದೂ ಮೋಟರು ತಿರುಗದಿದ್ದರೆ ದೋಷವು ಮೋಟರಿನಲ್ಲೋ ಅದರ ಸೊಲೆನಾಯ್ಡ್ ಸ್ವಿಚ್ಚಿನಲ್ಲೋ ಇದೆ. ಆಗ ಗ್ಯಾರೇಜಿಗೆ ಹೋಗುವುದೇ ಸರಿ. ಆದರೆ ಅಷ್ಟು ತಿಳಿದುಕೊಂಡು ಹೋದವರಿಗೆ ಬ್ಯಾಟರಿ ಮಾರುವುದು ಸುಲಭವಲ್ಲ.

ಎಂಜಿನ್ ಜೋರಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಈ ಪಾಠದ ದಾರಿ ಅಲ್ಲಿಗೆ ಹೋಗುವುದಿಲ್ಲ. ಅದು ಇಂಧನದ, ಕಿಡಿಯ ಅಥವಾ ಕಳ್ಳತನ ತಡೆಯುವ ಕೀಲಿಯ ವಿಷಯ.

ಶುಚಿಮಾಡುವಿಕೆ ಮತ್ತು ಎಚ್ಚರ

ಪುಡಿಯನ್ನು ತೆಗೆಯುವಾಗ ಋಣಾಗ್ರದ ಕ್ಲ್ಯಾಂಪನ್ನು ಮೊದಲು ಬಿಚ್ಚಬೇಕು, ಕೊನೆಯಲ್ಲಿ ಜೋಡಿಸಬೇಕು. ಇದನ್ನು ನಿಯಮವೆಂದು ಉರುಹೊಡೆಯಿಸದೆ ಕಾರಣವನ್ನು ಕೇಳಬೇಕು. ಧನಾಗ್ರವನ್ನು ಮೊದಲು ಬಿಚ್ಚಹೊರಟರೆ ಸ್ಪ್ಯಾನರು ಆಕಸ್ಮಿಕವಾಗಿ ಕಾರಿನ ಮೈಗೆ ತಗಲಿದಾಗ ಬ್ಯಾಟರಿಯ ಎರಡು ಅಗ್ರಗಳೂ ನೇರವಾಗಿ ಸೇರುತ್ತವೆ. ಸ್ಪ್ಯಾನರು ಕಾದು ಕೆಂಪಾಗುವಷ್ಟು ಪ್ರವಾಹ ಹರಿದೀತು. ಋಣಾಗ್ರ ಮೊದಲೇ ಬಿಡುಗಡೆಯಾಗಿದ್ದರೆ ಮಂಡಲ ಪೂರ್ಣಗೊಳ್ಳುವುದೇ ಇಲ್ಲ. ಬಳಿಕ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದರೆ ನೊರೆಯೆದ್ದು ಆಮ್ಲ ತಟಸ್ಥವಾಗುತ್ತದೆ. ಆಮ್ಲ-ಪ್ರತ್ಯಾಮ್ಲ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಆ ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯಬಾರದು. ಒಣಗಿಸಿ, ತಂತಿ ಬ್ರಷ್ಷಿನಿಂದ ಲೋಹ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಜೋಡಿಸಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಬೇಕು.

ಬ್ಯಾಟರಿಯೊಳಗಿರುವುದು ಗಂಧಕಾಮ್ಲ, ಚಾರ್ಜ್ ಆಗುವಾಗ ಹೊರಬರುವುದು ಹೊತ್ತಿಕೊಳ್ಳುವ ಜಲಜನಕ. ಆದುದರಿಂದ ಬೆಂಕಿಕಡ್ಡಿ ಬೇಡ, ಕಣ್ಣಿಗೆ ಕನ್ನಡಕ ಬೇಕು. ಈ ಕೆಲಸ ಹಿರಿಯರ ಕೈಯದು. ಮಕ್ಕಳು ಪಕ್ಕದಲ್ಲಿದ್ದು ಮೀಟರನ್ನು ಓದಲಿ. ಕಿತ್ತಳೆ ಬಣ್ಣದ ದಪ್ಪ ತಂತಿಗಳಿರುವ ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಅಧಿಕ ವೋಲ್ಟೇಜಿನ ಭಾಗಗಳನ್ನು ಮುಟ್ಟುವಂತಿಲ್ಲ. ಬ್ರೇಕು, ಏರ್‌ಬ್ಯಾಗು, ಕೇವಲ ಜಾಕಿನ ಮೇಲೆ ನಿಂತ ಕಾರಿನ ಅಡಿಭಾಗ ಇವು ಮನೆಯ ದುರಸ್ತಿಯ ಎಲ್ಲೆಯಿಂದ ಹೊರಗೆ. ಉಳಿತಾಯದ ಉತ್ಸಾಹದಲ್ಲಿ ಈ ಎಲ್ಲೆ ದಾಟುವುದು ಜಾಣತನವಲ್ಲವೆಂಬುದನ್ನು ತರಗತಿಯಲ್ಲಿ ಸ್ಪಷ್ಟವಾಗಿ ಹೇಳಲೇಬೇಕು.

ಸಂಕೇತವೇ ರೋಗವಲ್ಲ

ಇಂದಿನ ಕಾರುಗಳು ತಮ್ಮ ದೋಷವನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾದ ‘ಓಬಿಡಿ-2’ ವ್ಯವಸ್ಥೆಯ ಹದಿನಾರು ಪಿನ್ನಿನ ಸಾಕೆಟ್ಟು ಈಗ ನಮ್ಮ ಕಾರುಗಳಲ್ಲಿಯೂ ಸಾಮಾನ್ಯವಾಗಿ ಚಾಲಕನ ಮೊಣಕಾಲಿನ ಮೇಲ್ಭಾಗದಲ್ಲಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿರುತ್ತದೆ. ಸಣ್ಣದೊಂದು ಓದುಯಂತ್ರವನ್ನು ಜೋಡಿಸಿದರೆ ಮೊಬೈಲಿನಲ್ಲಿಯೇ ಸಂಕೇತ ಮೂಡುತ್ತದೆ. ಉದಾಹರಣೆಗೆ ‘ಪಿ0171’ ಎಂದರೆ ಎಂಜಿನ್ನಿನಲ್ಲಿ ಗಾಳಿಯ ಪಾಲು ಹೆಚ್ಚಾಗಿ ಇಂಧನ ಕಡಮೆಯಾಗಿದೆ ಎಂದು. ಅದನ್ನು ವರದಿಮಾಡುವುದು ಆಕ್ಸಿಜನ್ ಸೆನ್ಸರ್. ಅವಸರದವರು ಸೆನ್ಸರನ್ನೇ ಬದಲಿಸುತ್ತಾರೆ. ಗಾಳಿಯ ಕೊಳವೆಯೊಂದು ಬಿರುಕುಬಿಟ್ಟಿದ್ದರೂ, ಇಂಧನದ ಒತ್ತಡ ತಗ್ಗಿದ್ದರೂ ಅದೇ ಸಂಕೇತ ಬರುತ್ತದೆ. ಸುದ್ದಿ ತಂದವನನ್ನು ದಂಡಿಸಿದರೆ ಬಿರುಕು ಮುಚ್ಚೀತೇ? ಜ್ವರಮಾಪಕ ಮತ್ತು ಜ್ವರದ ಹೋಲಿಕೆಯಿಂದ ಇದನ್ನು ವಿವರಿಸಬಹುದು.

ಇಂಥ ಓದುಯಂತ್ರಗಳೂ ಬಿಡಿಭಾಗಗಳೂ ಯಾರ ಕೈಯಲ್ಲಿರಬೇಕೆಂಬುದು ಕಾನೂನಿನ ಪ್ರಶ್ನೆಯೂ ಆಗಿದೆ. 2014ರ ಆಗಸ್ಟ್ 25ರಂದು ಭಾರತ ಸ್ಪರ್ಧಾ ಆಯೋಗವು ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷ ಪತ್ತೆಹಚ್ಚುವ ಉಪಕರಣಗಳನ್ನೂ ಅಧಿಕೃತ ಡೀಲರುಗಳಿಗೆ ಮಾತ್ರ ಸೀಮಿತಗೊಳಿಸಿ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯದಂತೆ ಮಾಡಿದುದು ಸ್ಪರ್ಧೆಗೆ ಅಡ್ಡಿಯೆಂದು ಆಯೋಗ ಕಂಡಿತು. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ರದ್ದೆಂಬ ಸಾರಾಸಗಟು ಷರತ್ತು ಹಾಕಬಾರದೆಂದೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಕುರಿತ ಜಾಲತಾಣವನ್ನು ತೆರೆದಾಗ ಅದರ ವ್ಯಾಪ್ತಿಯಲ್ಲಿ ಮೋಟರು ವಾಹನಗಳೂ ಇದ್ದವು. ಸಮಾಜ ವಿಜ್ಞಾನದ ಅಧ್ಯಾಪಕರು ಗ್ರಾಹಕ ಹಕ್ಕುಗಳ ಪಾಠವನ್ನು ಇಲ್ಲಿಗೆ ಜೋಡಿಸಿಕೊಳ್ಳಬಹುದು.

ಮನೆಗೆಲಸ

ಮನೆಯಲ್ಲೋ ನೆರೆಯಲ್ಲೋ ಇರುವ ಹಳೆಯ ದುರಸ್ತಿ ಬಿಲ್ಲೊಂದನ್ನು, ಹೆಸರು ಮತ್ತು ವಾಹನ ಸಂಖ್ಯೆಯನ್ನು ಮರೆಮಾಡಿ, ಮಕ್ಕಳು ತರಲಿ. ಅದರಲ್ಲಿ ಬಿಡಿಭಾಗದ ಬೆಲೆ ಎಷ್ಟು, ಕೂಲಿ ಎಷ್ಟು, ತೆರಿಗೆ ಎಷ್ಟು ಎಂಬುದನ್ನು ಬೇರ್ಪಡಿಸಿ ಕನ್ನಡದಲ್ಲಿ ಬರೆಯಲಿ. ಪ್ರತಿಯೊಂದು ಸಾಲಿನ ಎದುರು, ‘ಈ ಭಾಗ ಕೆಟ್ಟಿದೆಯೆಂದು ತಿಳಿದದ್ದು ಯಾವ ಪರೀಕ್ಷೆಯಿಂದ?’ ಎಂಬ ಪ್ರಶ್ನೆಗೆ ಉತ್ತರ ಬರೆಯಬೇಕು. ಉತ್ತರ ದೊರೆಯದಲ್ಲಿ ಜಾಗವನ್ನು ಖಾಲಿ ಬಿಡಬೇಕು. ವಾಹನವಿಲ್ಲದ ಮನೆಯ ಮಕ್ಕಳು ಪಂಪ್‌ಸೆಟ್ಟಿನ ಅಥವಾ ಮಿಕ್ಸಿಯ ಬಿಲ್ಲನ್ನು ತಂದರೂ ಆಗುತ್ತದೆ. ಮರುದಿನದ ಅವಧಿಯನ್ನು ಆ ಖಾಲಿ ಜಾಗಗಳಿಂದಲೇ ಆರಂಭಿಸಬಹುದು.